ನಮ್ಮೂರ ಹುಡುಗನಿಗೆ ನಾನು ಕೊಟ್ಟ ಎರಡಂಕ

ಐದಕ್ಕೆ ಎರಡು. ಕಳೆದ ತಿಂಗಳು ಬಿಸಿನೆಸ್ ಅನಲಿಸ್ಟ್ ಹುದ್ದೆಯ ಸಂದರ್ಶನದಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ ಆ ಅಂಕ ಬರೆಯುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ಅವನು ನಮ್ಮ ಅರಸೀಕೆರೆ ಕಡೆಯವನು. ಬಯೋಡೇಟಾದಲ್ಲಿ ಊರಿನ ಹೆಸರು ನೋಡಿದಾಗಲೇ 'ಇವನಿಗೊಂದು ಕೆಲಸ ಆಗಲಿ' ಎಂದು ಮನಸ್ಸು ಅರ್ಧ ತೀರ್ಮಾನ ಮಾಡಿಬಿಟ್ಟಿತ್ತು. ಆದರೆ ನನ್ನ ಮುಂದಿದ್ದ ಅಂಕಪಟ್ಟಿ ಅದಕ್ಕೆ ಒಪ್ಪಲಿಲ್ಲ.

ಎಂಟು ವರ್ಷದ ಹಿಂದೆ ಮೇಜಿನ ಆಚೆ ಬದಿಯಲ್ಲಿ ನಾನಿದ್ದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸನದಲ್ಲಿ ಎಂಜಿನಿಯರಿಂಗ್. ಬೆಂಗಳೂರಿನ ಕಂಪನಿಯೊಂದರಲ್ಲಿ ನನಗಿಂತ ಮೊದಲು ಒಳಗೆ ಹೋದ ಹುಡುಗಿ ಅರ್ಧ ಗಂಟೆ ಕೂತು ನಗುನಗುತ್ತಾ ಹೊರಬಂದಳು. 'ಅವರೂ ನಮ್ಮ ಕಾಲೇಜಂತೆ, ಬರೀ ಅದೇ ಮಾತು' ಎಂದಳು. ನನ್ನ ಸರದಿ ಬಂದಾಗ ಕೇಳಿದ್ದು 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್', ಅಪ್ಪ ಏನು ಮಾಡುತ್ತಾರೆ, ಐದು ವರ್ಷದ ನಂತರ ಎಲ್ಲಿರುತ್ತೀರಿ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಇಂಗ್ಲಿಷ್ ಮೂರನೇ ವಾಕ್ಯಕ್ಕೇ ಕೈಕೊಟ್ಟಿತು. ಒಟ್ಟು ಏಳು ನಿಮಿಷ. 'ತಿಳಿಸ್ತೀವಿ' ಅಂದರು. ಇವತ್ತಿನವರೆಗೂ ತಿಳಿಸಿಲ್ಲ. ನಾನು ಯಾಕೆ ಬೇಡವಾದೆ ಎಂದು ನನಗೆ ಗೊತ್ತಾಗಲೇ ಇಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಬೇರೆಡೆ ಕೆಲಸ ಸಿಕ್ಕಿತು, ಅನಲಿಸ್ಟ್ ಆದೆ. ಈ ಕೆಲಸ ಏನೆಂದು ಅಮ್ಮ ಈಗಲೂ ಕೇಳುತ್ತಾಳೆ. 'ಸಾಫ್ಟ್‌ವೇರ್ ಬೇಕು ಅನ್ನೋರಿಗೂ ಅದನ್ನ ಬರೆಯೋರಿಗೂ ನಡುವೆ ನಿಂತು, ನಿಜವಾಗಿ ಏನು ಬೇಕು ಅಂತ ಹುಡುಕೋದು' ಎನ್ನುತ್ತೇನೆ. ಗ್ರಾಹಕ ಕೇಳುವುದು ಒಂದು, ಅವನಿಗೆ ಬೇಕಾಗಿರುವುದು ಇನ್ನೊಂದು. ಆ ವ್ಯತ್ಯಾಸ ತಡವಾಗಿ ಗೊತ್ತಾದರೆ ಆರು ತಿಂಗಳ ಕೆಲಸ ನೀರಿನಲ್ಲಿ ಹೋಮ.

ಮೂರು ವರ್ಷದ ಹಿಂದೆ ನನ್ನನ್ನೂ ಸಂದರ್ಶನ ಮಾಡುವವರ ಸಾಲಿಗೆ ಸೇರಿಸಿದರು. ಆಗ ನಾನು ಮಾಡಿದ್ದೂ ಅದೇ ಹರಟೆ. ಚೆನ್ನಾಗಿ ಮಾತಾಡಿದ ಒಬ್ಬನನ್ನು ಖುಷಿಯಿಂದ ಆರಿಸಿದೆ. ಬಂದವನು ಮಾತಾಡುತ್ತಲೇ ಇದ್ದ, ಕೇಳಿಸಿಕೊಳ್ಳಲಿಲ್ಲ. ಗ್ರಾಹಕರ ಮೀಟಿಂಗ್‌ನಿಂದ ಅವನು ತರುತ್ತಿದ್ದ ಟಿಪ್ಪಣಿಯಲ್ಲಿ ಅರ್ಧ ಅವನದೇ ಅಭಿಪ್ರಾಯ. ತಪ್ಪು ಅವನದ್ದಲ್ಲ. ನಾನು ಅಳೆದದ್ದೇ ಅವನ ಮಾತನ್ನು.

ಆಮೇಲೆ ನಮ್ಮ ತಂಡ 'ಸ್ಟ್ರಕ್ಚರ್ಡ್ ಇಂಟರ್‌ವ್ಯೂ' ಶುರು ಮಾಡಿತು. ಹೆಸರು ದೊಡ್ಡದು, ಸಂಗತಿ ಸರಳ. ಎಲ್ಲರಿಗೂ ಅವೇ ಐದು ಪ್ರಶ್ನೆ, ಅದೇ ಕ್ರಮ, ಅಷ್ಟೇ ಸಮಯ. ಯಾವ ಉತ್ತರಕ್ಕೆ ಒಂದಂಕ, ಯಾವುದಕ್ಕೆ ಮೂರು, ಯಾವುದಕ್ಕೆ ಐದು ಎಂದು ಮೊದಲೇ ಬರೆದಿಟ್ಟಿರಬೇಕು. ಸಂದರ್ಶಕರಿಬ್ಬರೂ ಒಬ್ಬರನ್ನೊಬ್ಬರು ಕೇಳದೆ ಅಂಕ ಬರೆಯಬೇಕು. ಚರ್ಚೆ ಏನಿದ್ದರೂ ಆಮೇಲೆ.

ಪ್ರಶ್ನೆ ತಯಾರಿಸುವಾಗಲೇ ನನಗೆ ಮೊದಲ ಪಾಠ ಆಯಿತು. 'ಹಾಲಿನ ಡೇರಿ ಕಾರ್ಯದರ್ಶಿ ಒಂದು ಆ್ಯಪ್ ಬೇಕು ಅಂತಾರೆ, ನೀವೇನು ಕೇಳ್ತೀರಿ?' ಎಂಬ ಪ್ರಶ್ನೆಯನ್ನು ನಾನು ಹೆಮ್ಮೆಯಿಂದ ಬರೆದಿದ್ದೆ. ಸಹೋದ್ಯೋಗಿಯೊಬ್ಬರು ನಕ್ಕು, 'ಡೇರಿಗೆ ಹಾಲು ಹಾಕಿದವರಿಗೆ ಮಾತ್ರ ಫ್ಯಾಟ್, ಎಸ್‌ಎನ್‌ಎಫ್ ಗೊತ್ತಿರುತ್ತೆ. ಜಯನಗರದಲ್ಲಿ ಬೆಳೆದವಳು ಏನು ಹೇಳ್ಬೇಕು?' ಎಂದರು. ನನ್ನನ್ನು ಕ್ರಿಕೆಟ್, ಕಾಲೇಜು ಎಂದು ಹೊರಗಿಟ್ಟವರ ಹಾಗೆಯೇ ನಾನೂ ಹಾಲಿನ ನೆಪದಲ್ಲಿ ಇನ್ಯಾರನ್ನೋ ಹೊರಗಿಡಲು ಹೊರಟಿದ್ದೆ! ಪ್ರಶ್ನೆ ಬದಲಾಯಿತು: 'ಆಸ್ಪತ್ರೆಯ ಆಡಳಿತಾಧಿಕಾರಿ, ಹೊರರೋಗಿ ವಿಭಾಗದ ಸಾಲು ಕರಗಿಸಲು ಒಂದು ಆ್ಯಪ್ ಮಾಡಿಕೊಡಿ ಎನ್ನುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ?' ಆಸ್ಪತ್ರೆಯ ಸಾಲಿನಲ್ಲಿ ನಿಲ್ಲದವರು ಯಾರಿದ್ದಾರೆ ಹೇಳಿ.

ಇದೇ ಪ್ರಶ್ನೆಗೆ ನಮ್ಮೂರ ಹುಡುಗ ತಟ್ಟನೆ ಆ್ಯಪ್ ವಿವರಿಸತೊಡಗಿದ. ಟೋಕನ್, ಯುಪಿಐ ಪಾವತಿ, ಎಸ್‌ಎಂಎಸ್, ಎಲ್ಲ ಇತ್ತು. ಒಂದೇ ಒಂದು ಪ್ರಶ್ನೆ ಇರಲಿಲ್ಲ. 'ಪ್ರಶ್ನೆ ಕೇಳದೆ ನೇರ ಪರಿಹಾರಕ್ಕೆ ಹೋದರೆ ಒಂದರಿಂದ ಎರಡು' ಎಂದು ಅಂಕಪಟ್ಟಿಯಲ್ಲಿ ನಾವೇ ಬರೆದಿದ್ದೆವು. 'ಅಲ್ಲಿಗೆ ಬರೋ ವಯಸ್ಸಾದವರ ಬಗ್ಗೆ ಯೋಚಿಸಿದ್ರಾ?' ಎಂದು ಸುಳಿವು ಕೊಡಲು ನಾಲಿಗೆ ತುದಿಗೆ ಬಂತು. ಅದಕ್ಕೂ ಮೊದಲು ಬಂದ ನಾಲ್ವರಿಗೆ ಆ ಸುಳಿವು ಕೊಟ್ಟಿರಲಿಲ್ಲ. ಸುಮ್ಮನಾದೆ. ಎರಡು ಬರೆದೆ.

ಅದೇ ದಿನ ಮಧ್ಯಾಹ್ನ ಬಂದವರು ನಾಲ್ಕು ವರ್ಷ ಕಾಲ್ ಸೆಂಟರ್‌ನಲ್ಲಿ ದುಡಿದ ಮಹಿಳೆ. ಮೆಲುದನಿ, ಕಣ್ಣು ಮೇಜಿನ ಮೇಲೆ. ಹಳೆಯ ಪದ್ಧತಿಯಾಗಿದ್ದರೆ ಹತ್ತು ನಿಮಿಷಕ್ಕೆ ಕಳಿಸಿಬಿಡುತ್ತಿದ್ದೆವು. ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಾಲು ಉದ್ದ ಆಗೋದು ಎಲ್ಲಿ ಮೇಡಂ? ಚೀಟಿ ಮಾಡ್ಸೋ ಕಡೆನಾ, ಡಾಕ್ಟರ ಬಾಗಿಲ ಹತ್ರನಾ? ಡಾಕ್ಟರೇ ಲೇಟಾಗಿ ಬಂದ್ರೆ ಆ್ಯಪ್ ಏನು ಮಾಡುತ್ತೆ?' ಎಂದರು. ನಾವಿಬ್ಬರೂ ಬೇರೆ ಬೇರೆಯಾಗಿ ಐದು ಬರೆದಿದ್ದೆವು. ಒಟ್ಟು ಅಂಕದಲ್ಲೂ ಅವರೇ ಮೊದಲು. ಈಗ ನಮ್ಮ ತಂಡದಲ್ಲಿದ್ದಾರೆ.

ಇದು ಯಾಂತ್ರಿಕ, ಮನುಷ್ಯರನ್ನು ಅಂಕಕ್ಕೆ ಇಳಿಸುವುದು ಎಂದು ಅನೇಕರು ಮೂಗು ಮುರಿಯುತ್ತಾರೆ. ಈ ದೂರು ಹಳೆಯದು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 1950ರ ದಶಕದಲ್ಲಿ ಇಸ್ರೇಲ್ ಸೇನೆಯಲ್ಲಿದ್ದಾಗ ಇಂಥದ್ದೇ ಸಂದರ್ಶನ ರೂಪಿಸಿದ್ದರು. ಆರು ಗುಣ, ಒಂದೊಂದಕ್ಕೂ ಬೇರೆ ಅಂಕ. ನಮ್ಮನ್ನು ರೋಬೋಟ್ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರಂತೆ. ಆಗ ಕಾನೆಮನ್, ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ ನಿಮ್ಮ ಅಂತಃಪ್ರೇರಣೆಯ ಅಂಕವೊಂದನ್ನೂ ಕೊಡಿ ಎಂದರು. ಹೊಸ ಪದ್ಧತಿ ಹಳೆಯದಕ್ಕಿಂತ ಎಷ್ಟೋ ಉತ್ತಮ ಎಂದು ಸಾಬೀತಾಯಿತು. ವಿಶೇಷವೆಂದರೆ, ಆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಚೆನ್ನಾಗಿಯೇ ಕೆಲಸ ಮಾಡಿತು. ಅಂದರೆ ಮನಸ್ಸಿನ ಮಾತು ಕೇಳಬಾರದು ಎಂದೇನಿಲ್ಲ. ಕಣ್ಣು ತೆರೆದು ನೋಡಿ ಮುಗಿಸಿದ ಮೇಲೆ ಕೇಳಬೇಕು. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಅಭ್ಯರ್ಥಿಯ ಮುಂದಿನ ಕೆಲಸವನ್ನು ಊಹಿಸುವುದರಲ್ಲಿ ಹೀಗೆ ಕಟ್ಟಿದ ಸಂದರ್ಶನ ಹರಟೆಯ ಸಂದರ್ಶನಕ್ಕಿಂತ ಮುಂದಿತ್ತು.

ಹಾಗಾದರೆ ಸಂದರ್ಶನವೇ ಬೇಡ ಎನ್ನಬಹುದು. ಕೇಂದ್ರ ಸರ್ಕಾರ 2016ರ ಜನವರಿಯಿಂದ ಗ್ರೂಪ್ 'ಸಿ'ಯಂಥ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಆದರೆ ಅನಲಿಸ್ಟ್‌ನ ಕೆಲಸವೇ ಎದುರು ಕೂತವರನ್ನು ಕೇಳುವುದು. ಅದನ್ನು ಲಿಖಿತ ಪರೀಕ್ಷೆಯಲ್ಲಷ್ಟೇ ನೋಡಲು ಆಗದು.

ಕಂಪನಿಗಳಿಗೆ ನನ್ನದೊಂದೇ ವಿನಂತಿ. ಇಂಗ್ಲಿಷ್ ಬೇಕಿದ್ದರೆ ಇಂಗ್ಲಿಷಿಗೆ ಬೇರೆ ಅಂಕ ಇಡಿ, ತಪ್ಪಿಲ್ಲ. ನಾವೂ ಒಂದು ಇಮೇಲ್ ಬರೆಸುತ್ತೇವೆ. ಆದರೆ ಯೋಚನೆಗೆ ಮೀಸಲಾದ ಅಂಕದೊಳಗೆ ಉಚ್ಚಾರಣೆ ನುಸುಳಲು ಬಿಡಬೇಡಿ. ಆಸ್ಪತ್ರೆಯ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಿ ಎಂದು ನಾವು ಹೇಳಿದಾಗ ಎಷ್ಟೋ ಜನರ ಭುಜ ಸಡಿಲಾಗುವುದನ್ನು ನೋಡಿದ್ದೇನೆ.

ಸಂದರ್ಶನಕ್ಕೆ ಹೊರಟಿರುವ ಗೆಳೆಯರೇ, ನಿಮಗೂ ಒಂದು ಮಾತು. ಇಂಥ ಕಡೆ ಬಾಯಿಪಾಠ ನಡೆಯುವುದಿಲ್ಲ. ನೀವು ನಿಜವಾಗಿ ಮಾಡಿದ್ದನ್ನು ಹೇಳಿ: ಸಂದರ್ಭ ಏನಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು. ಕಾಲೇಜು ಹಬ್ಬದ ಲೆಕ್ಕ ಸರಿ ಮಾಡಿದ್ದು, ಹಾಸ್ಟೆಲ್ ಮೆಸ್‌ನ ಜಗಳ ಬಿಡಿಸಿದ್ದು ಕೂಡ ಉತ್ತರವೇ. ಪ್ರಶ್ನೆ ಅರ್ಥವಾಗದಿದ್ದರೆ ಕೇಳಿ. ಯೋಚಿಸಲು ಒಂದು ನಿಮಿಷ ಬೇಕಿದ್ದರೆ ತೆಗೆದುಕೊಳ್ಳಿ.

ನಮ್ಮೂರ ಹುಡುಗ ಆಯ್ಕೆಯಾಗಲಿಲ್ಲ. ಎಚ್‌ಆರ್ ಅವರ ಒಪ್ಪಿಗೆ ಪಡೆದು ಮರುವಾರ ಅವನಿಗೆ ಫೋನ್ ಮಾಡಿದೆ. 'ದತ್ತಾಂಶದ ಪ್ರಶ್ನೆಗೆ ನಿನಗೆ ನಾಲ್ಕು ಬಂದಿದೆ, ತಪ್ಪು ಲೆಕ್ಕ ಹಿಡಿದವರಲ್ಲಿ ನೀನೂ ಒಬ್ಬ. ಆಸ್ಪತ್ರೆ ಪ್ರಶ್ನೆಯಲ್ಲಿ ಕೇಳುವ ಮೊದಲೇ ಕಟ್ಟಲು ಹೊರಟೆ' ಎಂದು ಹಾಳೆ ನೋಡಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, 'ಇದು ನನಗೆ ಹನ್ನೊಂದನೇ ಇಂಟರ್‌ವ್ಯೂ ಮೇಡಂ. ಯಾಕೆ ಆಗ್ಲಿಲ್ಲ ಅಂತ ಹೇಳಿದ್ದು ನೀವೇ ಮೊದಲು' ಎಂದ.