ಕಂಪ್ಯೂಟರ್‌ನಲ್ಲಿ ಮಾಡಿದ ಡ್ರಾಯಿಂಗ್ ತಪ್ಪಾಗುವುದೇ ಇಲ್ಲವೇ?

“ಕಂಪ್ಯೂಟರ್‌ನಲ್ಲಿ ಮಾಡಿರೋ ಡ್ರಾಯಿಂಗ್ ಸಾರ್, ತಪ್ಪಿರೋಕೆ ಚಾನ್ಸೇ ಇಲ್ಲ. ಫೋಟೋ ವಾಟ್ಸಾಪ್ ಮಾಡಿದ್ದೀನಿ, ಪಾರ್ಟ್ ರೆಡಿ ಮಾಡಿ.” ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆ ಜಾಬ್ ವರ್ಕ್ ಮಾಡುವವರಿಗೆ ಇಂಥ ಮಾತು ಹೊಸದಲ್ಲ. ಆದರೆ ತಯಾರಾದ ಪಾರ್ಟ್ ಕೂರದಿದ್ದರೆ? ಹಾಳಾದ ಕಬ್ಬಿಣ, ಮೆಷಿನ್ ಸಮಯ, ಕೂಲಿ ಎಲ್ಲವೂ ಯಾರದೋ ತಲೆಗೆ ಬರುತ್ತದೆ. ಹಾಗಾದರೆ ಕಂಪ್ಯೂಟರ್ ಡ್ರಾಯಿಂಗ್ ಬಗೆಗಿನ ಈ ನಂಬಿಕೆ ಎಷ್ಟು ನಿಜ? ನೋಡೋಣ ಬನ್ನಿ.

ಕಂಪ್ಯೂಟರ್‌ಗೆ ಏನು ಗೊತ್ತು, ಏನು ಗೊತ್ತಿಲ್ಲ?

ಕ್ಯಾಡ್ ಸಾಫ್ಟ್‌ವೇರ್ ಲೆಕ್ಕದಲ್ಲಿ ಎಡವುವುದು ಬಹಳ ಅಪರೂಪ. ಎರಡು ಭಾಗಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ಮೊದಲೇ ತೋರಿಸುತ್ತದೆ. ಕೈಯಲ್ಲಿ ಬರೆಯುತ್ತಿದ್ದ ಕಾಲದ ಎಷ್ಟೋ ತಪ್ಪುಗಳು ಇದರಿಂದ ಕಡಿಮೆಯಾಗಿವೆ. ಆದರೆ ನಾವು ಕೊಟ್ಟ ಸಂಖ್ಯೆ ಸರಿಯೇ, ಓದುವವರು ಅದನ್ನು ನಮ್ಮಂತೆಯೇ ಅರ್ಥ ಮಾಡಿಕೊಳ್ಳುತ್ತಾರೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ತ್ರೀಡಿ ಪ್ರಿಂಟಿಂಗ್‌ಗೆ ಬಳಸುವ ಎಸ್‌ಟಿಎಲ್ ಫೈಲನ್ನೇ ತೆಗೆದುಕೊಳ್ಳಿ. ಅದರಲ್ಲಿ ಆಕಾರವಿದೆ, ಸಂಖ್ಯೆಗಳಿವೆ, ಆದರೆ ಅಳತೆಯ ಮಾನ ಇಲ್ಲ. ಒಬ್ಬರು 2 ಇಂಚು ಎಂದುಕೊಂಡು ಮಾಡಿದ ನಾಬ್ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ 2 ಮಿ.ಮೀ. ಆಗಿ ತೆರೆದುಕೊಳ್ಳಬಹುದು. 1 ಇಂಚು ಎಂದರೆ 25.4 ಮಿ.ಮೀ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟು ಪಟ್ಟು!

ಎಡ ಬಲವಾಗುವುದು ಹೇಗೆ?

ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದಂತೆ ಬೇರೆ ಬೇರೆ ಚಿತ್ರ ಬರೆಯುವುದು ರೂಢಿ. ಈ ಚಿತ್ರಗಳನ್ನು ಹಾಳೆಯಲ್ಲಿ ಜೋಡಿಸಲು ಎರಡು ಪದ್ಧತಿಗಳಿವೆ. ಭಾರತ ಮತ್ತು ಯುರೋಪಿನಲ್ಲಿ ಹೆಚ್ಚಾಗಿ ಬಳಸುವುದು ಫಸ್ಟ್ ಆಂಗಲ್. ಇದರಲ್ಲಿ ಎಡದಿಂದ ಕಂಡ ನೋಟವನ್ನು ಬಲಕ್ಕೆ ಬರೆಯುತ್ತಾರೆ. ಅಮೆರಿಕ, ಜಪಾನ್‌ಗಳಲ್ಲಿ ನಡೆಯುವುದು ಥರ್ಡ್ ಆಂಗಲ್. ಅಲ್ಲಿ ಎಡದಿಂದ ಕಂಡದ್ದು ಎಡಕ್ಕೇ ಇರುತ್ತದೆ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿಯಂತೆ, ಅಂದರೆ ಫಸ್ಟ್ ಆಂಗಲ್.

ಒಂದನ್ನು ಇನ್ನೊಂದೆಂದು ಓದಿದರೆ ಎಡಗಡೆ ಇರಬೇಕಾದ ತೂತು ಬಲಗಡೆ ಬೀಳುತ್ತದೆ. ಅಳತೆಗಳೆಲ್ಲ ಸರಿ, ಆದರೂ ಪಾರ್ಟ್ ಮಾತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

ಇದನ್ನು ಗುರುತಿಸಲು ಡ್ರಾಯಿಂಗ್‌ನ ಮೂಲೆಯಲ್ಲಿರುವ ಟೈಟಲ್ ಬ್ಲಾಕ್ ನೋಡಿ. ಅಲ್ಲಿ ತುದಿ ಕತ್ತರಿಸಿದ ಕೋನ್ ಮತ್ತು ಒಂದರೊಳಗೊಂದು ಎರಡು ವೃತ್ತಗಳಿರುವ ಚಿಹ್ನೆ ಇರುತ್ತದೆ. ವೃತ್ತಗಳು ಕೋನ್‌ನ ದೊಡ್ಡ ತುದಿಯ ಪಕ್ಕ ಇದ್ದರೆ ಫಸ್ಟ್ ಆಂಗಲ್, ಚಿಕ್ಕ ತುದಿಯ ಪಕ್ಕ ಇದ್ದರೆ ಥರ್ಡ್ ಆಂಗಲ್. ಫೋಟೋ ತೆಗೆಯುವಾಗ ಈ ಮೂಲೆಯೇ ಕಟ್ ಆಗಿಹೋದರೆ ಕೆಲಸ ಮಾಡುವವರು ಊಹೆ ಮಾಡಬೇಕಾಗುತ್ತದೆ.

ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದೇ?

ಬೇಡ. ಎ3 ಹಾಳೆಯ ಡ್ರಾಯಿಂಗನ್ನು ಎ4ಗೆ ಕುಗ್ಗಿಸಿ ಪ್ರಿಂಟ್ ತೆಗೆದರೆ 100 ಮಿ.ಮೀ. ಗೆರೆ ಸುಮಾರು 71 ಮಿ.ಮೀ.ಗೆ ಇಳಿಯುತ್ತದೆ. ಓರೆಯಾಗಿ ತೆಗೆದ ಫೋಟೋದಲ್ಲಂತೂ ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ. ಆದ್ದರಿಂದಲೇ ಬರೆದಿರುವ ಸಂಖ್ಯೆಯನ್ನು ಮಾತ್ರ ನಂಬಬೇಕು, ಗೆರೆಯನ್ನು ಅಳೆಯಬಾರದು ಎಂಬ ನಿಯಮವಿದೆ.

ಆದರೆ ಫೋಟೋ ಆಗಿ ಕಳುಹಿಸಿದಾಗ ವಾಟ್ಸಾಪ್ ಚಿತ್ರದ ಗಾತ್ರ ಇಳಿಸುವುದರಿಂದ ಸಂಖ್ಯೆಯೂ ಮಸುಕಾಗಬಹುದು. 3 ಎಂಬುದು 8ರಂತೆ ಕಾಣಬಹುದು. ದಶಮಾಂಶದ ಚುಕ್ಕೆ ಮಾಯವಾದರೆ 12.5 ಹೋಗಿ 125 ಆಗುತ್ತದೆ. ಅದನ್ನು ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಫಾರ್ವರ್ಡ್ ಮಾಡಿದರೆ ಇನ್ನಷ್ಟು ಮಸುಕು.

25 ಮಿ.ಮೀ. ಎಂದರೆ ಎಷ್ಟು?

ಪ್ರಶ್ನೆ ತಮಾಷೆಯಂತೆ ಕಂಡರೂ ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಸ್ಕ್ರೀನ್ ಮೇಲೆ 25.000 ಎಂದು ಕಾಣುತ್ತದೆ. ಆದರೆ ಯಾವ ಮೆಷಿನ್ನೂ ಕರಾರುವಾಕ್ಕಾಗಿ ಅಷ್ಟನ್ನೇ ಕತ್ತರಿಸಲಾರದು. ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂದು ಹೇಳುವುದೇ ಟಾಲರೆನ್ಸ್. ಐಎಸ್‌ಒ 2768-1ರ ಮಧ್ಯಮ ದರ್ಜೆ ಎಂದು ಡ್ರಾಯಿಂಗ್‌ನಲ್ಲಿ ನಮೂದಿಸಿದ್ದರೆ 25 ಮಿ.ಮೀ.ಗೆ 0.2 ಮಿ.ಮೀ. ಹೆಚ್ಚು ಅಥವಾ ಕಡಿಮೆ ಇರಬಹುದು. ಅಂದರೆ 24.8 ಕೂಡ ಪಾಸು, 25.2 ಕೂಡ ಪಾಸು. ಈಗ ತೂತು 24.8, ಅದರೊಳಗೆ ಹೋಗಬೇಕಾದ ಶಾಫ್ಟ್ 25.2 ಬಂದರೆ? ಇಬ್ಬರು ಕೆಲಸಗಾರರೂ ಡ್ರಾಯಿಂಗ್‌ನಂತೆಯೇ ಮಾಡಿದ್ದಾರೆ, ಆದರೂ ಶಾಫ್ಟ್ ಒಳಗೆ ಹೋಗುವುದಿಲ್ಲ.

ಅದಕ್ಕಾಗಿಯೇ ಕೂರಬೇಕಾದ ಜಾಗಕ್ಕೆ ಬೇರೆ ಟಾಲರೆನ್ಸ್ ಬರೆಯುತ್ತಾರೆ. 25 ಎಚ್7 ಎಂದರೆ ತೂತು 25.000ರಿಂದ 25.021 ಮಿ.ಮೀ. ಒಳಗಿರಬೇಕು. ಈ 0.021 ಮಿ.ಮೀ. ತಲೆಕೂದಲಿನ ದಪ್ಪಕ್ಕಿಂತಲೂ ಬಹಳ ಕಡಿಮೆ. ಇದನ್ನು ಸಾಫ್ಟ್‌ವೇರ್ ತಾನಾಗಿ ನಿರ್ಧರಿಸುವುದಿಲ್ಲ, ಡಿಸೈನ್ ಮಾಡುವವರೇ ಬರೆಯಬೇಕು. ಹಾಗೆಂದು ಎಲ್ಲ ಕಡೆ ಬಿಗಿ ಟಾಲರೆನ್ಸ್ ಬರೆದರೆ ಖರ್ಚು ಏರುತ್ತದೆ.

ದೊಡ್ಡವರೂ ಎಡವಿದ್ದಾರೆ

ಇದು ಸಣ್ಣ ವರ್ಕ್‌ಶಾಪ್‌ಗಳ ಸಮಸ್ಯೆ ಮಾತ್ರವಲ್ಲ. ಏರ್‌ಬಸ್ ಎ380 ವಿಮಾನ ತಯಾರಿಸುವಾಗ ಜರ್ಮನಿ ಮತ್ತು ಫ್ರಾನ್ಸ್‌ನ ತಂಡಗಳು ಕ್ಯಾಟಿಯಾ ಎಂಬ ಒಂದೇ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸುತ್ತಿದ್ದವು. ಮಾಹಿತಿ ಸರಿಯಾಗಿ ಹೊಂದಿಕೆಯಾಗದೆ, ಜರ್ಮನಿಯಿಂದ ಬಂದ ವೈರಿಂಗ್ ಫ್ರಾನ್ಸ್‌ನಲ್ಲಿ ಜೋಡಿಸುವಾಗ ಕೂರಲಿಲ್ಲ. 2006ರಲ್ಲಿ ಕೊಡಬೇಕಿದ್ದ ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ. ಈ ವಿಳಂಬಕ್ಕೆ ವೈರಿಂಗ್ ತೊಡಕು ಮುಖ್ಯ ಕಾರಣವಾಗಿತ್ತು.

ಹಾಗಾದರೆ ಏನು ಮಾಡಬೇಕು?

ಡ್ರಾಯಿಂಗ್ ಕಳುಹಿಸುವವರು ಫೋಟೋ ಬದಲು ಪಿಡಿಎಫ್ ಮಾಡಿ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಟೈಟಲ್ ಬ್ಲಾಕ್ ಪೂರ್ತಿ ಕಾಣಲಿ. ಅಳತೆ ಮಿ.ಮೀ. ಅಥವಾ ಇಂಚು, ಆಂಗಲ್, ಟಾಲರೆನ್ಸ್, ಎಷ್ಟನೇ ತಿದ್ದುಪಡಿ, ಈ ನಾಲ್ಕೂ ಅದರಲ್ಲಿರಲಿ.

ಕೆಲಸ ಮಾಡುವವರು ಅನುಮಾನ ಬಂದರೆ ಮೆಷಿನ್ ಶುರು ಮಾಡುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೇಳುವುದು ಅಜ್ಞಾನವಲ್ಲ. ನಾಳೆ ನಷ್ಟ ಯಾರದು ಎಂಬ ಮಾತು ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಅದೇ ಬರಹ.

ಒಟ್ಟಿನಲ್ಲಿ, ಕಂಪ್ಯೂಟರ್ ಡ್ರಾಯಿಂಗ್ ತಪ್ಪಾಗುವುದೇ ಇಲ್ಲ ಎಂಬುದು ನಿಜವಲ್ಲ. ಕಂಪ್ಯೂಟರ್ ಗೆರೆಯನ್ನು ನೇರವಾಗಿ ಎಳೆಯುತ್ತದೆ, ಅದರ ಅರ್ಥವನ್ನು ಸರಿಯಾಗಿ ತಲುಪಿಸುವ ಹೊಣೆ ಬರೆದವರದು, ಕಳುಹಿಸಿದವರದು ಮತ್ತು ಓದುವವರದು.