ಸಂಕದ ಬುಡ ನೋಡುವವರ ಪ್ರಣಾಳಿಕೆ

ನಮ್ಮ ಕೂಟಕ್ಕೆ ಇನ್ನೂ ಹೆಸರಿಟ್ಟಿಲ್ಲ. ಮಂಗಳೂರು ಕಡೆಯ ಫಲ್ಗುಣಿ ಹೊಳೆಯ ಎರಡೂ ದಡದವರು ಸೇರಿದ್ದೇವೆ. ಬಸ್ಸಿನವರು, ತೋಟದವರು, ಬಲೆ ಬೀಸುವವರು, ಕಾಲೇಜಿನ ಮಕ್ಕಳು ಇದ್ದಾರೆ. ಹೊಯಿಗೆ (ಮರಳು) ತೆಗೆಯುವ ದೋಣಿಯಲ್ಲಿ ದುಡಿದ ನಾಲ್ವರೂ ಇದ್ದಾರೆ. ನಮ್ಮ ಹಟ ಒಂದೇ: ಸಂಕವನ್ನು, ಅಂದರೆ ಸೇತುವೆಯನ್ನು, ಇನ್ನು ಬುಡದಿಂದ ನೋಡಬೇಕು.

2018ರ ಜೂನ್ 25ರಂದು ಮೂಲರಪಟ್ಣದ ಸಂಕ ಕುಸಿಯಿತು. 2021ರ ಜೂನ್‌ನಲ್ಲಿ ಅದೇ ಹೊಳೆಯ ಕೆಳಗಡೆ ಮರವೂರು ಸಂಕದ ಕಂಬ ತಗ್ಗಿತು. ವಿಮಾನ ಹಿಡಿಯುವವರು ಗುರುಪುರ, ಕೈಕಂಬ ಸುತ್ತಿ ಬಜ್ಪೆ ಮುಟ್ಟಿದರು. 2024ರಲ್ಲಿ ಪೊಳಲಿ–ಅಡ್ಡೂರು ಸಂಕದ ಮೇಲೆ ಘನವಾಹನ ಸಂಚಾರ ನಿಲ್ಲಿಸಿದರು. ಕಾರಣಗಳು ಬೇರೆಬೇರೆ ಇದ್ದಾವು. ಆದರೂ ಒಂದೇ ಹೊಳೆ. ಒಂದಾದರೆ ಗ್ರಹಚಾರ ಎನ್ನೋಣ, ಮೂರಕ್ಕೆ ಏನೆನ್ನುವುದು?

ಪಣಂಬೂರಿನ ಕಡಲದಂಡೆಯಲ್ಲಿ ತೆರೆ ಹಿಂದೆ ಸರಿಯುವಾಗ ನಿಂತು ನೋಡಿ. ಹಿಮ್ಮಡಿಯ ಅಡಿಯಿಂದ ಹೊಯಿಗೆ ಜಾರುತ್ತದೆ, ಕಾಲು ತಾನಾಗಿ ವಾಲುತ್ತದೆ. ನೆರೆ ಬಂದ ಹೊಳೆಯಲ್ಲಿ ಕಂಬದ ಪಾಡೂ ಅದೇ. ಎದುರಿನಿಂದ ನುಗ್ಗಿದ ನೀರು ಕಂಬಕ್ಕೆ ಬಡಿದು ಕೆಳಕ್ಕಿಳಿಯುತ್ತದೆ, ಬುಡದಲ್ಲಿ ಸುಳಿಯಾಗಿ ಕಂಬವನ್ನು ಲಾಳದಂತೆ ಬಳಸಿ ಹೊಯಿಗೆ ತೋಡುತ್ತದೆ. ತೇಲಿ ಬಂದ ಮರ, ಬಿದಿರಿನ ಮೆಳೆ ಕಂಬಕ್ಕೆ ಸಿಕ್ಕಿಕೊಂಡರೆ ತೋಡುವ ಬಾಯಿ ಇನ್ನೂ ಅಗಲ. ಮೋಸವಿರುವುದು ಮುಂದೆ. ಹೊಂಡ ಅತಿ ಆಳವಾಗುವುದು ನೆರೆ ಏರಿದಾಗ. ನೀರು ಇಳಿಯುತ್ತಿದ್ದಂತೆ ಸಡಿಲ ಹೊಯಿಗೆ ಬಂದು ಅದನ್ನು ತುಂಬುತ್ತದೆ. ಬೇಸಗೆಯಲ್ಲಿ ಬಂದ ಇಂಜಿನಿಯರಿಗೆ ಎಲ್ಲವೂ ಸಪಾಟು, ಎಲ್ಲವೂ ಸರಿ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆಯನ್ನು 2016ರ ಮೇ ತಿಂಗಳಲ್ಲಿ ತಪಾಸಣೆ ಮಾಡಿ ಸುರಕ್ಷಿತ ಎಂದಿದ್ದರು. ಆಗಸ್ಟ್ 2ರ ರಾತ್ರಿ ಅದು ಎರಡು ಬಸ್ಸುಗಳ ಸಮೇತ ನೆರೆಗೆ ಹೋಯಿತು.

ಕಳೆದ ಬೇಸಗೆಯಲ್ಲಿ ನಾವು ಕೆಲವರು ದೋಣಿ ಮಾಡಿಕೊಂಡು ಒಂದು ಸಂಕದ ಕೆಳಗೆ ಹೋದೆವು. ಕಂಬದ ಮೇಲ್ಭಾಗ ಪಾಚಿ ಕಟ್ಟಿ ಕಪ್ಪಾಗಿತ್ತು. ಒಂದು ಗೆರೆಯಿಂದ ಕೆಳಗೆ ಬಣ್ಣವೇ ಬೇರೆ: ಒರಟು ಕಾಂಕ್ರೀಟು, ಸೆಂಟ್ರಿಂಗ್ ಹಲಗೆಯ ಅಚ್ಚು ಕೂಡ ಮಾಸಿರಲಿಲ್ಲ. ಅದು ಮಣ್ಣಿನೊಳಗೆ ಇರಬೇಕಾದ ಭಾಗ. ದೋಣಿಯ ಅಜ್ಜ ಜಲ್ಲೆ ಇಳಿಸಿದರು. ಕೈ ನೀರಿಗೆ ತಾಗಿದರೂ ತಳ ಸಿಗಲಿಲ್ಲ. "ಮೊದಲು ಇಲ್ಲಿ ಸೊಂಟ ಮಟ್ಟ ನೀರು, ನಡೆದೇ ದಾಟುತ್ತಿದ್ದೆವು" ಎಂದರು. ಆಗ ತಲೆಯ ಮೇಲೆ ಬಸ್ಸೊಂದು ಹೋಯಿತು. ಯಾರೂ ಮಾತಾಡಲಿಲ್ಲ.

ಸಂಕದ ಪಂಚಾಂಗ, ಅಂದರೆ ಅಡಿಪಾಯ, ಎಷ್ಟು ಆಳಕ್ಕೆ ಹೋಗಬೇಕೆಂಬ ಲೆಕ್ಕ ಹಾಕುವುದು ಹೊಳೆಯ ತಳ ಎಲ್ಲಿದೆ ಎಂದು ನೋಡಿ, ನೆರೆ ಎಷ್ಟು ಕೊರೆದೀತು ಎಂದು ಅಂದಾಜಿಸಿ. ಹೊಯಿಗೆ ತೆಗೆದು ತಳವೇ ಆಳೆತ್ತರ ಇಳಿದ ಮೇಲೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಸಂಕದ ಹತ್ತಿರ ಹೊಯಿಗೆ ತೆಗೆಯಬಾರದು ಎನ್ನುವುದು ಇದಕ್ಕೇ. ಕೇಂದ್ರದ 2020ರ ಮಾರ್ಗಸೂಚಿ ಸಂಕದಿಂದ ಮೇಲಕ್ಕೆ ಕನಿಷ್ಠ 250 ಮೀಟರ್, ಕೆಳಕ್ಕೆ ಕನಿಷ್ಠ 500 ಮೀಟರ್ ಬಿಡಬೇಕೆನ್ನುತ್ತದೆ. ಕೆಳಕ್ಕೆ ಯಾಕೆ ಹೆಚ್ಚು? ಕೆಳಗೆ ತೋಡಿದ ಗುಂಡಿಯ ಅಂಚು ಪ್ರತಿ ನೆರೆಗೂ ಕುಸಿಯುತ್ತ ಮೇಲಕ್ಕೆ ನಡೆದು ಬರುತ್ತದೆ. ಗುಂಡಿ ತೋಡಿದವನು ಮನೆಗೆ ಹೋದರೂ ಗುಂಡಿ ಸಂಕದ ಕಡೆಗೇ ಬರುತ್ತಿರುತ್ತದೆ.

ಹೊಯಿಗೆಯವರನ್ನೇ ಕಳ್ಳರೆಂದು ಬೈದು ಕೈತೊಳೆದುಕೊಳ್ಳಲು ನಾವು ಸೇರಿಲ್ಲ. ನಮ್ಮಲ್ಲಿ ಬಹುತೇಕರ ಮನೆಯ ಗೋಡೆಯಲ್ಲಿ ಈ ಹೊಳೆಯೇ ಇದೆ. (ಬರೆಯುತ್ತಿರುವವನ ಮನೆಯ ತಾರಸಿಯಲ್ಲೂ.) ದಿನಗೂಲಿಗೆ ಬುಟ್ಟಿ ಹಿಡಿದು ಮುಳುಗುವವನಿಗೂ ರಾತ್ರಿ ಯಂತ್ರ ಇಳಿಸುವವನಿಗೂ ಇರುವ ಅಂತರ ನಮಗೆ ಗೊತ್ತು. ತಳದ ಆಳ ಚೆನ್ನಾಗಿ ಬಲ್ಲವರು ಆ ಬುಟ್ಟಿಯವರೇ. ಅವರಿಲ್ಲದೆ ಈ ಕೆಲಸ ಆಗದು.

ಆದ್ದರಿಂದ ನಾವು ಅಳೆಯುತ್ತೇವೆ. ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ತುದಿಗೆ ತೂಗುಕಲ್ಲು. ಪ್ರತಿ ಕಂಬದ ಬುಡದಲ್ಲಿ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಏರಿದ ನೆರೆಯಲ್ಲಿ ಯಾರೂ ಸಂಕದ ಮೇಲೆ ಸಾಹಸ ಮಾಡಬಾರದು; ಆಗ ಬೇಕಾದದ್ದು ಕಂಬಕ್ಕೆ ಕಟ್ಟಿದ ಅಳತೆಯ ಯಂತ್ರ, ಅದನ್ನು ಹಾಕಿಸುವುದು ಸರಕಾರದ ಕೆಲಸ. ಪ್ರತಿ ಕಂಬಕ್ಕೂ ಕೆಂಪು ಗೆರೆ ಎಳೆಯಬೇಕು, ನೀರು ಅದನ್ನು ಮುಟ್ಟಿದೊಡನೆ ಯಾರ ಫೋನಿಗೂ ಕಾಯದೆ ಗೇಟು ಹಾಕುವ ಅಧಿಕಾರ ಸ್ಥಳದಲ್ಲೇ ಒಬ್ಬರಿಗೆ ಇರಬೇಕು. ಸಂಕ ಕಟ್ಟಿದಾಗಿನ ತಳದ ಮಟ್ಟ ಎಷ್ಟಿತ್ತು ಎಂಬ ನಕ್ಷೆ ಪಂಚಾಯತಿನ ಗೋಡೆಯಲ್ಲಿ ಇರಬೇಕು. ಬುಡಕ್ಕೆ ಬರೀ ಕಲ್ಲು ಸುರಿದು ಫೋಟೊ ತೆಗೆಸಿಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಅಡಿಗೆ ಜಲ್ಲಿಯ ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಪದರ ಇಲ್ಲದಿದ್ದರೆ ಕಲ್ಲಿನ ಸಂದಿನಿಂದ ಹೊಯಿಗೆ ಎದ್ದುಹೋಗಿ ಕಲ್ಲೇ ಹೂತುಹೋಗುತ್ತದೆ. ಎರಡು ಮಳೆಗಾಲ ಕಳೆದರೆ ಬಿಲ್ಲು ಮಾತ್ರ ಉಳಿಯುತ್ತದೆ.

ಅಳತೆಯ ಪುಸ್ತಕ ಸಂಕದ ಪಕ್ಕದ ಗೂಡಂಗಡಿಯಲ್ಲಿ ತೂಗುತ್ತಿರುತ್ತದೆ, ಚಾ ಕುಡಿಯುವವರು ಯಾರೂ ತೆರೆದು ನೋಡಬಹುದು. ಮೊದಲ ಅಳತೆ ಪತ್ತನಾಜೆಯ ದಿನ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ. ಹಗ್ಗ ನಾವು ತರುತ್ತೇವೆ. ದೋಣಿ ಇರುವವರು ದೋಣಿ ತನ್ನಿ.