ಜಾಲತಾಣಕ್ಕೆ ಹೆಸರಿಡುವ ಮುನ್ನ

ಹೆಸರಿಡುವ ಕಾರ್ಯಕ್ಕೆಂದು ನಮ್ಮನ್ನು ಕಾಣಲು ಬರುವ ಕುಟುಂಬಗಳು ಅನೇಕ. ಕೂಸಿಗೊಂದು ಹೆಸರು, ಕಟ್ಟಿಸಿದ ಮನೆಗೊಂದು ಹೆಸರು, ತೆರೆಯಲಿರುವ ಅಂಗಡಿಗೊಂದು ಹೆಸರು ಎಂದು ಕೇಳುವವರಿಗೆ ನಮಗೆ ತಿಳಿದ ಮಟ್ಟಿಗೆ ಹೇಳುತ್ತ ಬಂದಿದ್ದೇವೆ. ಆದರೆ ಕಳೆದ ಶ್ರಾವಣದಲ್ಲಿ ಪರಿಚಿತ ಮನೆತನದ ತರುಣನೊಬ್ಬನು ತಾಯಿಯೊಡನೆ ಬಂದು ಮುಂದಿಟ್ಟ ಪ್ರಶ್ನೆಯು ನಮಗೆ ತೀರ ಹೊಸದಾಗಿತ್ತು.

ಆ ಮನೆಯವರು ಮೂರು ತಲೆಮಾರಿನಿಂದ ಇಳಕಲ್ಲ ಸೀರೆಯ ವ್ಯಾಪಾರ ನಡೆಸಿಕೊಂಡು ಬಂದವರು. ಗಿರಾಕಿಗಳು ಪೇಟೆಗೆ ಬರುವುದು ಕಡಿಮೆಯಾದುದರಿಂದ ಅಂತರ್ಜಾಲದಲ್ಲಿಯೂ ಒಂದು ಅಂಗಡಿ ತೆರೆಯಬೇಕೆಂದು ತರುಣನು ನಿಶ್ಚಯಿಸಿದ್ದನು. ಆಗ ಮಧ್ಯವರ್ತಿಯೊಬ್ಬನು, ಊರಿನ ಹೆಸರೂ ಸರಕಿನ ಹೆಸರೂ ಕೂಡಿರುವ ಡೊಮೇನ್ ಹೆಸರೊಂದು ತನ್ನ ಬಳಿ ಇದೆ, 2 ಲಕ್ಷ ರೂಪಾಯಿಗೆ ಬಿಟ್ಟುಕೊಡುತ್ತೇನೆ ಎಂದನಂತೆ. ಜನರು ಯಾವ ಪದವನ್ನು ಹಾಕಿ ಗೂಗಲ್‌ನಲ್ಲಿ ಹುಡುಕುತ್ತಾರೆಯೋ ಅದೇ ಪದ ಅಂಗಡಿಯ ವಿಳಾಸವಾಗಿದ್ದರೆ, ಹುಡುಕಿದವರಿಗೆಲ್ಲ ಮೊದಲ ಸಾಲಿನಲ್ಲಿ ಕಾಣುವುದು ಆ ಅಂಗಡಿಯೇ ಎಂಬುದು ಅವನ ವಾದ. ತಾಯಿಯು ಒಂದು ಮಾತನ್ನೂ ಆಡದೆ, ಟವೆಲಿನಲ್ಲಿ ಸುತ್ತಿ ತಂದಿದ್ದ ತನ್ನ ಬಂಗಾರದ ಪಾಟಲಿಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಅವುಗಳನ್ನು ಮಾರಿದರೆ ಹಣ ಹೊಂದುತ್ತಿತ್ತು.

ನಾವು ಎಂಟು ದಿನಗಳ ಅವಕಾಶ ಕೇಳಿದೆವು. ನಮ್ಮಲ್ಲಿ ಓದಿ ಹೋಗಿ ಈಗ ಕಂಪ್ಯೂಟರ್ ವೃತ್ತಿಯಲ್ಲಿರುವ ಶಿಷ್ಯರನ್ನು ವಿಚಾರಿಸಿದೆವು. ಅವರು ತೋರಿಸಿದುದನ್ನು ಓದಿದೆವು. ಆಗ ಮನಗಂಡ ಸಂಗತಿಗಳು ಇಂತಹ ಉದ್ಯೋಗಕ್ಕೆ ಕೈಹಾಕುವ ಎಲ್ಲ ಮನೆಗಳಿಗೂ ಉಪಯೋಗವಾದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ, ಡೊಮೇನ್ ಹೆಸರೆಂದರೆ ಏನು? ಅಂತರ್ಜಾಲಕ್ಕೆ ಸೇರಿದ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಂಕಿಗಳ ಸಾಲನ್ನು ಮನುಷ್ಯನು ನೆನಪಿನಲ್ಲಿಡಲಾರನು. ಆದುದರಿಂದ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ 1983ರಲ್ಲಿ, ಹೆಸರು ಹೇಳಿದರೆ ಅದಕ್ಕೆ ಸಲ್ಲುವ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆಯೊಂದನ್ನು ರೂಪಿಸಿದನು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಸಂಸ್ಥೆಯು ಡಾಟ್ ಕಾಂ ಎಂಬ ಕೊನೆಯುಳ್ಳ ಮೊಟ್ಟಮೊದಲ ಹೆಸರನ್ನು ದಾಖಲಿಸಿಕೊಂಡಿತು. ಹೆಸರು ಹುಟ್ಟಿದುದು ಮನುಷ್ಯನ ನೆನಪಿಗೆ ಆಸರೆಯಾಗಲೆಂದು. ಯಂತ್ರವನ್ನು ಒಲಿಸಿಕೊಳ್ಳಲೆಂದು ಅಲ್ಲ. ಈ ಮೂಲೋದ್ದೇಶವನ್ನು ಮರೆತಲ್ಲಿಯೇ ಮುಂದಿನ ಗೊಂದಲವೆಲ್ಲ ಆರಂಭವಾಯಿತು.

ಮಧ್ಯವರ್ತಿಯ ಮಾತು ಪೂರ್ಣ ಸುಳ್ಳೆಂದು ನಾವು ಹೇಳಲಾರೆವು. ಒಂದು ಕಾಲಕ್ಕೆ ಅದರಲ್ಲಿ ಸತ್ಯವಿತ್ತು. ಅಮೆರಿಕದ ದೂರವಾಣಿ ಕೈಪಿಡಿಗಳಲ್ಲಿ ವ್ಯಾಪಾರಿಗಳ ಹೆಸರುಗಳು ಅಕಾರಾದಿಯಾಗಿ ಅಚ್ಚಾಗುತ್ತಿದ್ದಾಗ, ಪಟ್ಟಿಯ ತುದಿಗೆ ಬರಬೇಕೆಂದು ಅಂಗಡಿಯ ಹೆಸರಿನ ಮುಂದೆ 'ಎ' ಎಂಬ ಅಕ್ಷರವನ್ನು ಎರಡು ಮೂರು ಬಾರಿ ಸೇರಿಸಿಕೊಂಡವರಿದ್ದರು. ಅಂತರ್ಜಾಲದ ಮೊದಲ ದಿನಗಳಲ್ಲಿಯೂ ಅದೇ ಬುದ್ಧಿ ನಡೆಯಿತು. ಶೋಧಯಂತ್ರಗಳು ಹುಡುಕುವ ಪದವು ಪುಟದಲ್ಲಿ ಎಲ್ಲೆಲ್ಲಿದೆ ಎಂಬುದನ್ನೇ ಹೆಚ್ಚಾಗಿ ನೋಡುತ್ತಿದ್ದುವು. 1998ರಲ್ಲಿ ಗೂಗಲ್ ಸಂಸ್ಥೆ ಸ್ಥಾಪನೆಯಾದ ಮೇಲೆ, ಒಂದು ಪುಟವನ್ನು ಬೇರೆ ಎಷ್ಟು ಪುಟಗಳು, ಎಂತಹ ಪುಟಗಳು, ಏನೆಂದು ಕರೆದು ತೋರಿಸುತ್ತವೆ ಎಂಬುದಕ್ಕೆ ಬೆಲೆ ಬಂದಿತು. ಅಂಗಡಿಯ ಹೆಸರೇ ಸರಕಿನ ಹೆಸರಾಗಿದ್ದರೆ, ಅದನ್ನು ಹೆಸರಿಸಿದವರೆಲ್ಲ ತಮಗರಿವಿಲ್ಲದೆಯೇ ಆ ಸರಕಿಗೂ ಅದಕ್ಕೂ ಗಂಟು ಹಾಕಿದಂತಾಗುತ್ತಿತ್ತು. ಹೀಗಾಗಿ ಪದವೇ ಹೆಸರಾದವರಿಗೆ ಲಾಭ ದೊರೆಯಿತು. ಪದಗಳ ಬೆಲೆಯೂ ಏರಿತು. 1999ರಲ್ಲಿ ಬಿಸಿನೆಸ್ ಡಾಟ್ ಕಾಂ ಎಂಬ ಒಂದೇ ಹೆಸರು 75 ಲಕ್ಷ ಡಾಲರುಗಳಿಗೆ ಮಾರಾಟವಾಯಿತು.

ಲಾಭವಿದ್ದೆಡೆ ದುರುಪಯೋಗವೂ ಬರುವುದು ಲೋಕದ ರೂಢಿ. ಜನರು ಹುಡುಕುವ ಪದಗಳ ಪಟ್ಟಿ ಹಿಡಿದು ಸಾವಿರಾರು ಹೆಸರುಗಳನ್ನು ಕೊಂಡು, ಒಳಗೆ ಹುರುಳಿಲ್ಲದ ನಾಲ್ಕು ಸಾಲುಗಳನ್ನೂ ಜಾಹೀರಾತುಗಳನ್ನೂ ತುಂಬಿದವರು ಹೆಚ್ಚಾದರು. 'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ನಮ್ಮ ಹಿರಿಯರ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು. ಕೊನೆಗೆ 2012ರ ಸೆಪ್ಟೆಂಬರ್ 28ರಂದು, ಗೂಗಲ್‌ನಲ್ಲಿ ಇಂತಹ ಮೋಸಗಳನ್ನು ತಡೆಯುವ ತಂಡದ ಮುಖ್ಯಸ್ಥನಾಗಿದ್ದ ಮ್ಯಾಟ್ ಕಟ್ಸ್ ಒಂದು ಪ್ರಕಟಣೆ ಮಾಡಿದನು. ಹುಡುಕುವ ಪದವನ್ನೇ ಹೆಸರಾಗಿ ಧರಿಸಿದ, ಆದರೆ ಗುಣದಲ್ಲಿ ಕೀಳಾದ ತಾಣಗಳನ್ನು ಇನ್ನು ಮುಂದೆ ಕೆಳಗಿಳಿಸಲಾಗುವುದು ಎಂಬುದು ಅದರ ಸಾರ. ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇಕಡಾ 0.6ರಷ್ಟರಲ್ಲಿ ಇದರ ಪರಿಣಾಮ ಎದ್ದು ಕಾಣುವುದೆಂದೂ ಅವನು ತಿಳಿಸಿದನು. ಅಂಕಿ ಚಿಕ್ಕದು, ಆದರೆ ಹೆಸರನ್ನೇ ನೆಚ್ಚಿಕೊಂಡಿದ್ದವರ ಪಾಲಿಗೆ ಅದು ಒಂದೇ ರಾತ್ರಿಯಲ್ಲಿ ಅಂಗಡಿಯ ದೀಪ ಆರಿದಂತೆ ಆಯಿತು. ಇಂದು ಗೂಗಲ್ ಸಂಸ್ಥೆಯು ಹೊಸಬರಿಗೆಂದು ಪ್ರಕಟಿಸಿರುವ ಮಾರ್ಗದರ್ಶಿಯಲ್ಲಿ, ಡೊಮೇನ್ ಹೆಸರಿನಲ್ಲಿ ಇರುವ ಪದಗಳಿಂದಷ್ಟೇ ಸ್ಥಾನದ ಮೇಲೆ ಆಗುವ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ ಎಂದು ಸ್ಪಷ್ಟವಾಗಿ ಹೇಳಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಶಿಕ್ಷೆಯಾದುದು ಹೆಸರಿಗಲ್ಲ, ಹೆಸರಿನ ಹಿಂದಿನ ಬರಿದಿಗೆ. ಸರಕಿನ ಹೆಸರನ್ನು ಧರಿಸಿಯೂ ಒಳಗೆ ಸತ್ವವುಳ್ಳ ತಾಣಗಳು ಇಂದಿಗೂ ಬಾಳುತ್ತಿವೆ. ಆದರೆ ಅವು ಬಾಳುತ್ತಿರುವುದು ಸತ್ವದಿಂದ. ಹೆಸರಿನಿಂದಲೇ ಬಾಳಬಹುದೆಂದು ನಂಬಿದವರಿಗೆ ಅಮೆರಿಕದ ಪೆಟ್ಸ್ ಡಾಟ್ ಕಾಂ ಪಾಠವಾಗಿದೆ. ಸಾಕುಪ್ರಾಣಿಗಳ ಸಾಮಗ್ರಿ ಮಾರಲು ಅದಕ್ಕಿಂತ ನೇರವಾದ ಹೆಸರು ಬೇರೆ ಇರಲಾರದು. ಆ ಸಂಸ್ಥೆಯು 2000ದ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ಷೇರು ಮಾರಿ, ಅದೇ ವರ್ಷದ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಇತ್ತ ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್‌ನ ಹೆಸರಿನಲ್ಲಿ ಪುಸ್ತಕವೆಂಬ ಮಾತೇ ಇಲ್ಲ. ಇಲ್ಲದಿದ್ದುದರಿಂದಲೇ ನಾಳೆ ಫೋನನ್ನೂ ಬಟ್ಟೆಯನ್ನೂ ಮಾರಲು ಅದಕ್ಕೆ ಹೆಸರು ಅಡ್ಡ ಬರಲಿಲ್ಲ. 2006ರಲ್ಲಿ ಇದೇ ನಗರದಲ್ಲಿ ಹುಟ್ಟಿದ ರೆಡ್‌ಬಸ್ ಇವೆರಡರ ನಡುವಣ ದಾರಿ ಹಿಡಿಯಿತು. ಬಸ್ಸು ಎಲ್ಲರದು, ಕೆಂಪು ಬಣ್ಣವನ್ನು ಕೂಡಿಸಿ ಅದನ್ನು ತನ್ನದಾಗಿ ಮಾಡಿಕೊಂಡಿತು.

'ತನ್ನದು' ಎಂಬ ಮಾತು ಬಂದುದರಿಂದ ಕಾನೂನಿನ ಸಂಗತಿಯನ್ನೂ ಹೇಳಬೇಕಾಗಿದೆ. ಸತ್ಯಂ ಇನ್ಫೋವೇ ಎಂಬ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದಲೇ 'ಸಿಫಿ' ಎಂಬ ಹೊಸ ಪದವನ್ನು ಕಟ್ಟಿಕೊಂಡು 1999ರಿಂದ ಡೊಮೇನ್ ಹೆಸರುಗಳಲ್ಲಿ ಬಳಸುತ್ತಿತ್ತು. ಅದಕ್ಕೆ ಹೋಲುವ ಹೆಸರನ್ನು ಇನ್ನೊಂದು ಸಂಸ್ಥೆ ಬಳಸತೊಡಗಿದಾಗ ವ್ಯಾಜ್ಯವು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ, ಕರ್ನಾಟಕ ಉಚ್ಚ ನ್ಯಾಯಾಲಯವನ್ನು ಹಾಯ್ದು, ಸರ್ವೋಚ್ಚ ನ್ಯಾಯಾಲಯವನ್ನು ತಲಪಿತು. 2004ರ ಮೇ ತಿಂಗಳಲ್ಲಿ ಆ ನ್ಯಾಯಾಲಯವು ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆಯೇ ರಕ್ಷಣೆಯುಂಟೆಂದು ತೀರ್ಪಿತ್ತು ಸಿಫಿಯ ಪರವಾಗಿ ನಿಂತಿತು. ತಾನೇ ಕಟ್ಟಿಕೊಂಡ ಹೆಸರಿಗೆ ಇರುವ ಬಲ ಇದು. ಇನ್ನು ಸಾಮಾನ್ಯ ಪದವನ್ನು ಹೆಸರಾಗಿಸಿಕೊಂಡವರ ಪಾಡು ನೋಡಿರಿ. ಬುಕಿಂಗ್ ಡಾಟ್ ಕಾಂ ಎಂಬ ಜಗತ್ಪ್ರಸಿದ್ಧ ಸಂಸ್ಥೆಗೆ ಅಮೆರಿಕದ ಚಿಹ್ನೆಗಳ ಕಚೇರಿಯು, 'ಬುಕಿಂಗ್' ಎಲ್ಲರ ಮಾತು, ಒಬ್ಬರಿಗೆ ಬರೆದುಕೊಡಲಾಗದು ಎಂದು ನೋಂದಣಿ ನಿರಾಕರಿಸಿತು. ವರ್ಷಗಟ್ಟಲೆ ಹೋರಾಡಿ, 2020ರ ಜೂನ್ 30ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಅದು ಗೆದ್ದಿತು. ಎಂಟು ನ್ಯಾಯಮೂರ್ತಿಗಳು ಪರವಾಗಿದ್ದರು, ಒಬ್ಬರು ವಿರೋಧಿಸಿದರು. ಜನರು ಆ ಹೆಸರನ್ನು ಕೇಳಿದೊಡನೆ ಆ ಒಂದು ಸಂಸ್ಥೆಯನ್ನೇ ನೆನೆಯುತ್ತಾರೆ ಎಂಬುದನ್ನು ಅದು ತೋರಿಸಿಕೊಡಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆ ಅಷ್ಟು ಕಾಲ ಹೋರಾಡಿ ಪಡೆದುದನ್ನು ಪೇಟೆಯ ಸೀರೆ ಅಂಗಡಿಯೊಂದು ಹೇಗೆ ಪಡೆದೀತು?

ಎಂಟನೆಯ ದಿನ ತರುಣನು ಬಂದಾಗ ಇದನ್ನೆಲ್ಲ ಅವನಿಗೆ ಹೇಳಿ, ಮೂರು ಮಾತುಗಳನ್ನು ಕೇಳಿದೆವು.

ಮೊದಲನೆಯದು: ಇಳಕಲ್ಲ ಸೀರೆಯ ಹೆಸರು ಯಾರದು? ಭೌಗೋಳಿಕ ಸೂಚಿ ಎಂಬ ಮನ್ನಣೆ ಪಡೆದಿರುವ ಆ ಹೆಸರು ಅಲ್ಲಿ ಮಗ್ಗದ ಮುಂದೆ ಕುಳಿತ ಸಮಸ್ತ ನೇಕಾರರದು. ಅದನ್ನು ವಿಳಾಸವಾಗಿ ಕೊಂಡರೂ ಅದು ನಿನ್ನೊಬ್ಬನದಾಗದು. ನಾಳೆ ನೆರೆಯವನು ಅದಕ್ಕೆ ಒಂದಕ್ಷರ ಹೆಚ್ಚಿಸಿ ಇನ್ನೊಂದು ಹೆಸರು ದಾಖಲಿಸಿದರೆ, ಇದು ನನ್ನದು ಎಂದು ತಡೆಯಲು ನಿನ್ನಲ್ಲಿ ಏನಿದೆ?

ಎರಡನೆಯದು: ಆ ಹೆಸರನ್ನು ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳಬಲ್ಲರೆ? ಕನ್ನಡದ ಪದವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಬಗೆ ಒಂದಲ್ಲ. ಇಳಕಲ್ಲಿನ 'ಳ'ಕಾರದ ಮುಂದೆ ಒಂದು 'ಎ' ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಸೀರೆಯನ್ನು 'ಇ' ಎರಡು ಹಾಕಿ ಬರೆಯುವವರು, 'ಐ' ಒಂದೇ ಹಾಕುವವರು, ಇಂಗ್ಲಿಷಿನಂತೆ 'ಸಾರಿ' ಎನ್ನುವವರು ಬೇರೆ ಬೇರೆ. ನಡುವೆ ಅಡ್ಡಗೆರೆಯೊಂದಿದ್ದರೆ ಗೊಂದಲ ಇಮ್ಮಡಿ. ಒಂದು ಹೆಸರಿನ ಒಂದು ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದೆಯೆಂದು ಶಾಸ್ತ್ರ ಹೇಳುತ್ತದೆ. ಆದರೆ ಮುದುಕಿಯೊಬ್ಬಳು ನೆನಪಿಟ್ಟು ಮೊಮ್ಮಗಳಿಗೆ ಹೇಳಬಲ್ಲಷ್ಟು ಚಿಕ್ಕದಾಗಿರುವುದೇ ವಿವೇಕ. ಈಗ ಕನ್ನಡ ಲಿಪಿಯಲ್ಲಿಯೇ 'ಡಾಟ್ ಭಾರತ' ಎಂಬ ಕೊನೆಯುಳ್ಳ ಹೆಸರುಗಳೂ ದೊರೆಯುತ್ತವೆ. ಅಂತಹದೊಂದನ್ನು ಜೊತೆಗೆ ಇಟ್ಟುಕೊಳ್ಳಬಹುದು.

ಮೂರನೆಯದು: ನಾಳೆ ನೀನು ಗುಳೇದಗುಡ್ಡದ ಖಣವನ್ನು ಮಾರಬಯಸಿದರೆ, ಆ ಹೆಸರು ಅದಕ್ಕೆ ಒಪ್ಪುವುದೆ?

ತರುಣನು ಬಹಳ ಹೊತ್ತು ಸುಮ್ಮನಿದ್ದು, 'ಹಾಗಾದರೆ ಹುಡುಕುವವರು ನಮ್ಮನ್ನು ಕಾಣುವುದು ಹೇಗೆ?' ಎಂದು ಕೇಳಿದನು. ನ್ಯಾಯವಾದ ಪ್ರಶ್ನೆ. ಹುಡುಕುವ ಪದಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಅವು ಇರಬೇಕಾದ ಸ್ಥಳ ಬೇರೆ. ಬಾಗಿಲ ಮೇಲಿನ ಫಲಕಕ್ಕಿಂತ ಅಂಗಡಿಯ ಒಳಗೆ ಅವುಗಳಿಗೆ ಕೆಲಸ ಹೆಚ್ಚು. ಪುಟದ ಶೀರ್ಷಿಕೆಯಲ್ಲಿ, ಒಳತಲೆಬರಹಗಳಲ್ಲಿ, ಚಿತ್ರದ ಕೆಳಗಿನ ವಿವರಣೆಯಲ್ಲಿ, ಜನರು ಸಹಜವಾಗಿ ಕೇಳುವ ಮಾತುಗಳು ಸಹಜವಾಗಿಯೇ ಬರಬೇಕು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವುದು ಹೇಗೆ, ಕೈಮಗ್ಗದ ಸೀರೆಯನ್ನು ಗುರುತಿಸುವುದು ಹೇಗೆ, ಚಿಕ್ಕಿ ದಡಿಗೂ ಗೋಮಿ ದಡಿಗೂ ಇರುವ ಭೇದವೇನು, ಬಣ್ಣ ಬಿಡದಂತೆ ಒಗೆಯುವುದು ಹೇಗೆ ಎಂಬುದೆಲ್ಲ ನಿನ್ನ ತಾಯಿಗೆ ತಿಳಿದಿದೆ. ಅವಳು ಹೇಳಿದುದನ್ನು ನೀನು ಬರೆ. ಅಂತಹ ಬರಹವನ್ನು ಓದಿದವರು ಇನ್ನೊಬ್ಬರಿಗೆ ತೋರಿಸುತ್ತಾರೆ. ಶೋಧಯಂತ್ರವು ಆ ತೋರಿಸುವಿಕೆಯನ್ನು ಗಮನಿಸುತ್ತದೆ. ಹಣ ಕೊಟ್ಟು ಕೊಳ್ಳಲಾಗದ ಮೂರು ತಲೆಮಾರಿನ ಅರಿವು ಮನೆಯಲ್ಲಿರುವಾಗ, ಹಣ ಕೊಟ್ಟರೆ ಯಾರಿಗಾದರೂ ಸಿಗುವ ಪದಕ್ಕಾಗಿ ಪಾಟಲಿಗಳನ್ನು ಏಕೆ ಮಾರಬೇಕು?

ಇನ್ನು ಕೆಲವು ವ್ಯಾವಹಾರಿಕ ಎಚ್ಚರಗಳು. ಹೆಸರನ್ನು ನೋಂದಾಯಿಸುವಾಗ ತಾಣ ಕಟ್ಟಿಕೊಡುವವನ ಹೆಸರಿನಲ್ಲಿ ಬೇಡ. ಮನೆಯವರ ಹೆಸರಿನಲ್ಲಿಯೇ, ಮನೆಯವರ ಇ-ಮೇಲ್ ವಿಳಾಸದಿಂದಲೇ ಆಗಬೇಕು. ಹೆಸರೆಂಬುದು ಕ್ರಯವಲ್ಲ, ಗೇಣಿ. ಡಾಟ್ ಕಾಂ ಹೆಸರನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಗಳಿಗೆ ಹಿಡಿಯಬಹುದು. ನವೀಕರಿಸಲು ಮರೆತರೆ ಕೈತಪ್ಪಿ ಪರರ ಪಾಲಾಗುವುದು. ಹಿಂದೆ ಬೇರೆಯವರು ಬಳಸಿ ಬಿಟ್ಟ ಹೆಸರಾಗಿದ್ದರೆ, ಅಲ್ಲಿ ಏನು ನಡೆದಿತ್ತೆಂದು ವಿಚಾರಿಸಿಯೇ ಕೊಳ್ಳಬೇಕು. ಹಳೆಯವರ ಅಪಕೀರ್ತಿ ಹೊಸಬರಿಗೆ ಅಂಟಿಕೊಂಡಿರಬಹುದು. ಗಿರಾಕಿಗಳು ನಮ್ಮ ದೇಶದವರೇ ಆಗಿದ್ದರೆ 'ಡಾಟ್ ಇನ್' ಎಂಬ ಕೊನೆಯು ಅಂಗಡಿ ಭಾರತದ್ದೆಂದು ಶೋಧಯಂತ್ರಕ್ಕೂ ಜನರಿಗೂ ಸೂಚಿಸುತ್ತದೆ.

ಆ ಕುಟುಂಬದವರು ಕಡೆಗೆ ಅಜ್ಜಿಯ ಹೆಸರಿನೊಡನೆ 'ಸೀರೆ' ಎಂಬ ಒಂದು ಮಾತನ್ನು ಕೂಡಿಸಿ ಹೆಸರು ಪಡೆದರು. ಅದಕ್ಕೆ ತಗುಲಿದುದು ವರ್ಷಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ. ಅವರ ತಾಣ ಮೊದಲ ಸಾಲಿಗೆ ಬಂದಿತೆ ಎಂದು ಓದುಗರು ಕೇಳಬಹುದು. ಇನ್ನೂ ಬಂದಿಲ್ಲ. 'ಇಳಕಲ್ಲ ಸೀರೆ' ಎಂದಷ್ಟೇ ಹುಡುಕಿದರೆ ದೊಡ್ಡ ದೊಡ್ಡ ಅಂಗಡಿಗಳೇ ಮುಂದಿರುತ್ತವೆ. ಆದರೆ ಈ ಸೀರೆಯನ್ನು ಒಗೆಯುವುದು ಹೇಗೆ ಎಂದು ಹುಡುಕುತ್ತ ಬಂದ ಹೆಣ್ಣುಮಗಳೊಬ್ಬಳು, ತಾಯಿ ಹೇಳಿ ಬರೆಯಿಸಿದ ಪುಟವನ್ನು ಓದಿ, ತಂಗಿಯ ಮದುವೆಗೆ ಆರು ಸೀರೆಗಳನ್ನು ತರಿಸಿಕೊಂಡಳೆಂದು ತರುಣನು ಮೊನ್ನೆ ಬಂದಾಗ ತಿಳಿಸಿದನು. ಮುಂದಿನ ಸಲ ಖಣ ಬಂದರೆ ತಿಳಿಸಿರೆಂದೂ ಅವಳು ಹೇಳಿದ್ದಾಳಂತೆ.

ಕೂಸಿಗೆ ಹೆಸರಿಡುವಾಗ ಹಿರಿಯರು ದೊಡ್ಡ ಪದವನ್ನು ಹುಡುಕಿದುದು ಕಡಿಮೆ. ಕರೆಯಲು ಸುಲಭವಾಗಿ, ಮನೆತನದ ನೆನಪನ್ನು ಉಳಿಸುವ ಹೆಸರನ್ನು ಇಡುತ್ತಿದ್ದರು. ಆ ಹೆಸರಿಗೆ ಬೆಲೆ ತರುವ ಹೊಣೆ ಮಗುವಿನದೇ ಆಗಿತ್ತು. ಅಂಗಡಿಯ ವಿಷಯದಲ್ಲಿಯೂ ಮಾತು ಇಷ್ಟೇ. ಅಂದ ಹಾಗೆ, ಮೊನ್ನೆ ತರುಣನೊಡನೆ ತಾಯಿಯೂ ಬಂದಿದ್ದಳು. ಪಾಟಲಿಗಳು ಅವಳ ಕೈಯಲ್ಲಿದ್ದುವು.